ಮಣಿಕಟ್ಟಿನ ಕ್ಯಾಲೊರಿ ಲೆಕ್ಕಕ್ಕೂ ಮುದ್ರೆ ಬೇಕು

ದಿನವೊಂದರಲ್ಲಿ ದೇಹವು ವ್ಯಯಿಸುವ ಕ್ಯಾಲೊರಿಗಳನ್ನು ಎಣಿಸಿಕೊಡುವ ಕೈಗಡಿಯಾರಗಳಲ್ಲಿ ಯಾವುದನ್ನು ಕೊಳ್ಳುವುದು ಲೇಸು ಎಂಬ ಪ್ರಶ್ನೆಯು, ಶಿವಾಜಿ ಪಾರ್ಕಿನ ಕಟ್ಟೆಯಿಂದ ಡೊಂಬಿವಲಿಯ ಮಹಡಿಮನೆಗಳವರೆಗೆ, ಮಾಟುಂಗದ ಫೈವ್ ಗಾರ್ಡನ್ಸಿನ ಮರಗಳ ನೆರಳಿನಿಂದ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ದಾರಿಯವರೆಗೆ, ಇಂದು ಮುಂಬಯಿಯ ಮಧ್ಯಮವರ್ಗದ ನಿತ್ಯದ ಪ್ರಶ್ನೆಗಳಲ್ಲೊಂದಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಏರುತ್ತಿರುವ ತೂಕ ಇವುಗಳ ಭಯವು ಯಾವ ಮನೆಯನ್ನೂ ಬಿಡದಿರುವ ಈ ಕಾಲದಲ್ಲಿ, ತನ್ನ ದೇಹದ ಆಯವ್ಯಯವನ್ನು ತಾನು ಅರಿಯಬೇಕೆಂಬ ಅಪೇಕ್ಷೆಯು ಸರ್ವಥಾ ಶ್ಲಾಘ್ಯವಾದುದು. ಆದರೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಪಟ್ಟಿಯಾಗಲಿ, ಒಂದು ತಿಂಗಳ ಸಂಬಳವನ್ನು ತೆತ್ತು ತರುವ ವಿದೇಶೀ ಗಡಿಯಾರವಾಗಲಿ, ಆ ಆಯವ್ಯಯದ ವ್ಯಯಭಾಗವನ್ನು ನಿಖರವಾಗಿ ಹೇಳಬಲ್ಲುದೆಂದು ನಂಬುವುದು ಯುಕ್ತವಲ್ಲ; ಹಾಗೆಂದು ನಂಬಿಸಿ ಮಾರುವುದು ನ್ಯಾಯವೂ ಅಲ್ಲ.

ಮಣಿಕಟ್ಟಿನ ಮೇಲೆ ಕಾಣುವ ಅಂಕೆಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಳ್ಳುವುದಕ್ಕೆ ದೀರ್ಘಕಾಲದ ಅಭ್ಯಾಸವೊಂದು ಕಾರಣವಾಗಿದೆ. ಬೆಂಗಳೂರಿನ ಎಚ್‌ಎಂಟಿ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ, ಪರೀಕ್ಷೆಯಲ್ಲಿ ಉತ್ತೀರ್ಣನಾದ ಮಗನಿಗೆ ತಂದೆಯೂ, ಮದುವೆಯಲ್ಲಿ ಅಳಿಯನಿಗೆ ಮಾವನೂ ಕೊಡುತ್ತಿದ್ದ ಆ ಗಡಿಯಾರವನ್ನು ನಂಬಿ ಎರಡು ತಲೆಮಾರುಗಳ ಕನ್ನಡಿಗರು ತಮ್ಮ ದಿನಚರಿಯನ್ನು ನಡೆಸಿದರು. ನಿಮಿಷದ ಲೆಕ್ಕದಲ್ಲಿ ಓಡುವ ಲೋಕಲ್ ರೈಲುಗಳ ಈ ನಗರದಲ್ಲಂತೂ ಆ ನಂಬಿಕೆಯಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಆ ಗಡಿಯಾರವು ಕಾಲವನ್ನು ಅಳೆಯುತ್ತಿತ್ತು. ಎರಡು ನಿಮಿಷ ಹಿಂದೆ ಬಿದ್ದರೆ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಅದನ್ನು ಸರಿಪಡಿಸಿಕೊಳ್ಳಬಹುದಾಗಿತ್ತು. ಅದೇ ಮಣಿಕಟ್ಟಿನಲ್ಲಿ ಇಂದು ಕುಳಿತಿರುವ ಯಂತ್ರವು ಕ್ಯಾಲೊರಿಯನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಆ ಅಂದಾಜು ಎಷ್ಟು ತಪ್ಪಿತೆಂದು ಮನೆಯಲ್ಲಿ ಕುಳಿತು ಪರೀಕ್ಷಿಸುವ ಉಪಾಯವು ನಮ್ಮ ಬಳಿ ಇಲ್ಲ. ಹೀಗಿದ್ದರೂ ಹಳೆಯ ಗಡಿಯಾರವು ಸಂಪಾದಿಸಿದ ವಿಶ್ವಾಸವನ್ನೆಲ್ಲ ಹೊಸ ಯಂತ್ರವು ಅನಾಯಾಸವಾಗಿ ಪಡೆದುಕೊಂಡಿದೆ.

ಈ ಅಂದಾಜು ಹುಟ್ಟುವ ಬಗೆಯನ್ನು ಕೊಳ್ಳುವವನು ತಿಳಿದಿರಬೇಕು. ಗಡಿಯಾರದ ತಳದಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಕ್ಕೆ ಹೊಕ್ಕು, ರಕ್ತವು ಅದನ್ನು ಹೀರಿಕೊಳ್ಳುವ ಪ್ರಮಾಣದಲ್ಲಿ ಬಡಿತಬಡಿತಕ್ಕೂ ಆಗುವ ವ್ಯತ್ಯಾಸದಿಂದ ನಾಡಿಯ ವೇಗವು ತಿಳಿಯುತ್ತದೆ. ಒಳಗಿರುವ ಚಲನಸಂವೇದಕವು ಕೈಯ ಬೀಸಾಟದಿಂದ ಹೆಜ್ಜೆಗಳನ್ನು ಎಣಿಸುತ್ತದೆ. ಇವೆರಡರ ಜೊತೆಗೆ, ಕೊಂಡ ಮೊದಲ ದಿನ ನಾವೇ ತುಂಬಿಕೊಟ್ಟ ವಯಸ್ಸು, ಎತ್ತರ, ತೂಕ, ಸ್ತ್ರೀಯೋ ಪುರುಷನೋ ಎಂಬ ವಿವರಗಳು ಸೇರಿ, ಕಂಪನಿಯ ಗುಪ್ತಸೂತ್ರವೊಂದರ ಮೂಲಕ ಹಾದು, ಕ್ಯಾಲೊರಿಯ ಅಂಕೆಯಾಗಿ ಹೊರಬರುತ್ತವೆ. ಹೆಚ್ಚು ಶ್ರಮವಿಲ್ಲದೆ ಬದುಕುವ ಮನುಷ್ಯನು ದಿನದಲ್ಲಿ ವ್ಯಯಿಸುವ ಶಕ್ತಿಯ ಅರ್ಧಕ್ಕಿಂತ ಹೆಚ್ಚಿನ ಭಾಗವು, ಅವನು ಅಲುಗಾಡದೆ ಮಲಗಿದ್ದರೂ ಉಸಿರಾಟ, ರಕ್ತಸಂಚಾರ, ಮಿದುಳಿನ ಕಾರ್ಯ ಮೊದಲಾದವುಗಳಿಗೆ ಬೇಕಾಗುವ ಮೂಲ ಚಯಾಪಚಯಕ್ಕೆ ಸಲ್ಲುತ್ತದೆ. ಆ ಭಾಗವನ್ನು ಯಂತ್ರವು ನಮ್ಮಿಂದ ಕಂಡುಕೊಂಡದ್ದಲ್ಲ, ಸೂತ್ರದಿಂದ ತೆಗೆದುಕೊಂಡದ್ದು. ರಾತ್ರಿಯ ಹೊತ್ತಿಗೆ ಪರದೆಯ ಮೇಲೆ ‘1900’ ಎಂದು ಕಂಡಾಗ, ಇಷ್ಟನ್ನೂ ನಾನು ನಡೆದು ಕರಗಿಸಿದೆನೆಂದು ಹಿಗ್ಗುವವರು, ಅದರಲ್ಲಿ 1500ರಷ್ಟು ಹಾಸಿಗೆಯಲ್ಲಿದ್ದರೂ ಕರಗುತ್ತಿತ್ತು ಎಂಬುದನ್ನು ಮರೆಯುತ್ತಾರೆ.

ಶಕ್ತಿವ್ಯಯದ ನಿಜವಾದ ಅಳತೆಯು ಪ್ರಯೋಗಶಾಲೆಯ ಕೆಲಸ. ಮುಖಕ್ಕೆ ಮುಸುಕು ತೊಡಿಸಿ, ಉಸಿರಿನಲ್ಲಿ ಸೇರಿದ ಆಮ್ಲಜನಕವನ್ನೂ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನೂ ಲೆಕ್ಕಹಾಕಿ ಅದನ್ನು ನಿರ್ಧರಿಸಬೇಕಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿ ಸ್ವಯಂಸೇವಕರ ಕೈಗೆ ಏಳು ಬಗೆಯ ಯಂತ್ರಗಳನ್ನು ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಅವು ತೋರಿಸಿದ ಅಂಕೆಗಳನ್ನು ಇಂಥ ಅಳತೆಯೊಡನೆ ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಕಣ್ತೆರೆಸತಕ್ಕದ್ದು. ಏಳರಲ್ಲಿ ಆರು ಯಂತ್ರಗಳು ಹೃದಯಬಡಿತವನ್ನು ಶೇಕಡಾ 5ರೊಳಗಿನ ತಪ್ಪಿನಲ್ಲಿ ಹೇಳಿದುವು. ಕ್ಯಾಲೊರಿಯ ವಿಷಯದಲ್ಲಿಯಾದರೋ ಅತ್ಯುತ್ತಮವೆನಿಸಿದ ಯಂತ್ರವೇ ಶೇಕಡಾ 27ರಷ್ಟೂ, ಅಧಮವೆನಿಸಿದ್ದು ಶೇಕಡಾ 93ರಷ್ಟೂ ತಪ್ಪಿದುವು. ಆ ಮಾದರಿಗಳು ಇಂದು ಹಳೆಯವಾಗಿರಬಹುದು, ಅವುಗಳ ಸ್ಥಾನದಲ್ಲಿ ಚತುರವಾದ ಹೊಸವು ಬಂದಿರಬಹುದು. ಆದರೆ ನಾಡಿಯನ್ನು ಕಾಣುವುದು ಒಂದು, ನಾಡಿಯಿಂದ ಶಕ್ತಿಯನ್ನು ಊಹಿಸುವುದು ಇನ್ನೊಂದು ಎಂಬ ಮೂಲಭೇದವು ಮಾದರಿಯನ್ನು ಬದಲಿಸಿದ ಮಾತ್ರಕ್ಕೆ ಅಳಿಯುವುದಿಲ್ಲ. ಮೇಲಧಿಕಾರಿಯ ಗದರಿಕೆಯಿಂದಲೂ, ಒಂದು ಲೋಟ ಕಾಫಿಯಿಂದಲೂ, ವೈಶಾಖದ ಸೆಕೆಯಿಂದಲೂ ನಾಡಿಯು ಏರುತ್ತದೆ. ದೇಹವು ಅದೇ ಪ್ರಮಾಣದಲ್ಲಿ ಶ್ರಮಿಸಿತೆಂದು ಅದರಿಂದ ಸಿದ್ಧವಾಗುವುದಿಲ್ಲ.

ಇದಕ್ಕಿಂತ ಗಹನವಾದ ಸಂಗತಿಯೊಂದು ನಮ್ಮ ದೇಶದವರಿಗೇ ಸಂಬಂಧಿಸಿದೆ. ಮೂಲ ಚಯಾಪಚಯವನ್ನು ಗಣಿಸುವುದಕ್ಕಾಗಿ 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳು ಅಂಗೀಕರಿಸಿದ ಪ್ರಸಿದ್ಧ ಸೂತ್ರಗಳಿಗೆ ಆಧಾರವಾದ ದತ್ತಾಂಶದಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಇಟಲಿ ದೇಶದವರದಾಗಿತ್ತು. ಉಷ್ಣವಲಯದ ಜನರ ಪಾಲು ಅತ್ಯಲ್ಪವಾಗಿತ್ತು. ಇಂಥ ಸೂತ್ರಗಳು ಭಾರತೀಯರ ದೇಹಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತವೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ದುಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು ಗಣ್ಯರು. ಭಾರತೀಯರ ವಿಷಯದಲ್ಲಿ ಅಂತರರಾಷ್ಟ್ರೀಯ ಸೂತ್ರದ ಫಲದಿಂದ ಶೇಕಡಾ 5ರಷ್ಟು ಕಳೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ತಜ್ಞರು ನಿರ್ಧರಿಸಿದ್ದೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ, 65 ಕಿಲೋ ತೂಕದ, ಕುಳಿತು ಕೆಲಸಮಾಡುವ ಪುರುಷನಿಗೆ ದಿನಕ್ಕೆ 2110, 55 ಕಿಲೋ ತೂಕದ ಅಂಥ ಸ್ತ್ರೀಗೆ 1660 ಕ್ಯಾಲೊರಿಗಳು ಸಾಕು. ಮಣಿಕಟ್ಟಿನ ಯಂತ್ರವು ಯಾರ ದೇಹವನ್ನು ಪ್ರಮಾಣವಾಗಿಟ್ಟುಕೊಂಡಿದೆ, ಬಂಟ್ವಾಳದಿಂದ ಬಂದು ಮುಲುಂಡಿನಲ್ಲಿ ನೆಲೆಸಿದವನ ದೇಹಕ್ಕೆ ಆ ಪ್ರಮಾಣವು ಸಲ್ಲುತ್ತದೆಯೆ ಎಂಬುದನ್ನು ತಿಳಿಸುವ ಪೆಟ್ಟಿಗೆಯು ಅಂಗಡಿಯಲ್ಲಿ ಕಾಣಸಿಗುವುದು ದುರ್ಲಭ.

ಈ ನಗರದ ಜೀವನಕ್ರಮವು ಯಂತ್ರದ ಊಹೆಯನ್ನು ಇನ್ನಷ್ಟು ದಾರಿತಪ್ಪಿಸುತ್ತದೆ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಬೆಳಗಿನ ಜನಸಂದಣಿಯ ಹೊತ್ತಿನಲ್ಲಿ ಮಾಣಿಯೊಬ್ಬನನ್ನು ನೋಡಿರಿ: ಎಡಗೈಯ ಮೇಲೆ ಮೊಣಕೈಯವರೆಗೆ ಇಡ್ಲಿಯ, ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು, ಬಲಗೈಯ ಬೆರಳುಗಳ ನಡುವೆ ನೀರಿನ ಲೋಟಗಳನ್ನು ಹಿಡಿದು, ಅಡುಗೆಮನೆಯ ಬಾಗಿಲಿನಿಂದ ಮೇಜಿಗೂ ಮೇಜಿನಿಂದ ಬಾಗಿಲಿಗೂ ಅವನು ನೂರಾರು ಬಾರಿ ಓಡಾಡುತ್ತಾನೆ, ಸಾಂಬಾರು ತುಳುಕದಿರಬೇಕಾದರೆ ಆ ತೋಳು ಕಂಬದಂತೆ ಸ್ಥಿರವಾಗಿರಬೇಕು. ಕೈ ಬೀಸದ ನಡಿಗೆಯನ್ನು ಮಣಿಕಟ್ಟಿನ ಸಂವೇದಕವು ಪೂರ್ತಿಯಾಗಿ ಗುರುತಿಸಲಾರದು. ಹೊತ್ತ ಭಾರವಂತೂ ಅದರ ಲೆಕ್ಕಕ್ಕೇ ಬಾರದು. ಅವನ ಹತ್ತು ಗಂಟೆಗಳ ದುಡಿಮೆಯಲ್ಲಿ ಒಂದು ಭಾಗವು ಹೀಗೆ ಲೆಕ್ಕದಿಂದಲೇ ಲುಪ್ತವಾಗಿ, ಮನೆಯಲ್ಲಿ ಕುಳಿತೇ ಚಪಾತಿಯ ಹಿಟ್ಟನ್ನು ನಾದುವವರ ಕೈಯಾಟದಲ್ಲಿ ಕೆಲವು ಹೆಜ್ಜೆಗಳು ಸುಮ್ಮನೆ ಹುಟ್ಟಿಕೊಳ್ಳುತ್ತವೆ. ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಇಕ್ಕಟ್ಟಿನ ನಡುವೆ ದೇಹದ ಸಮತೋಲವನ್ನು ಕಾಪಾಡಿಕೊಳ್ಳುತ್ತ ವಿರಾರಿನಿಂದ ಚರ್ಚ್‌ಗೇಟಿನವರೆಗೆ ನಿಂತು ಬರುವವರ ಆಯಾಸವನ್ನು ಅದು ವಿಶ್ರಾಂತಿಯೆಂದು ಬರೆದುಕೊಂಡರೂ ಆಶ್ಚರ್ಯವಿಲ್ಲ.

ಅಂಕೆ ತಪ್ಪಾದರೆ ಏನು ಮಹಾಹಾನಿ ಎಂದು ಕೇಳುವವರಿರಬಹುದು. ಮುಂಜಾನೆಯ ನಡಿಗೆಯಲ್ಲಿ 300 ಕ್ಯಾಲೊರಿ ಕರಗಿತೆಂದು ಪರದೆಯು ಹೇಳಿದಾಗ, ಅದನ್ನು ನಂಬಿ, ಅಷ್ಟನ್ನು ಸಂಪಾದಿಸಿದೆನೆಂಬ ಸಮಾಧಾನದಿಂದ ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದವನು, ನಿಜವಾಗಿ ಕರಗಿದ್ದು 220 ಆಗಿದ್ದರೆ, ಪ್ರತಿದಿನವೂ ಲಾಭವೆಂದು ತಿಳಿದು ನಷ್ಟವನ್ನೇ ಬರೆಯುತ್ತಿರುತ್ತಾನೆ. ಆರು ತಿಂಗಳಾದ ಮೇಲೆ ತೂಕವು ಇಳಿಯದಿದ್ದಾಗ, ದೋಷವು ತನ್ನ ಸಂಕಲ್ಪದಲ್ಲಿದೆಯೆಂದು ನೊಂದು ನಡಿಗೆಯನ್ನೇ ಬಿಡುತ್ತಾನೆ. ಇದಕ್ಕೆ ವಿಪರೀತವಾಗಿ, ಎಳೆವಯಸ್ಸಿನ ಹುಡುಗಿಯರು ಆ ಅಂಕೆಗೆ ಹೆದರಿ ಊಟವನ್ನು ಬಿಡುವುದೂ ಉಂಟು. ತಪ್ಪು ಅಳತೆಯನ್ನು ನಂಬಿದವನು ದಂಡ ತೆರುವುದು ತನ್ನ ಆರೋಗ್ಯದಲ್ಲಿ, ತನ್ನ ಆತ್ಮವಿಶ್ವಾಸದಲ್ಲಿ.

ಹಾಗಾದರೆ ಕೊಳ್ಳಲೇಬಾರದೆ? ಕೊಳ್ಳಬಹುದು, ಆದರೆ ಯಂತ್ರವು ಚೆನ್ನಾಗಿ ಬಲ್ಲ ಕೆಲಸಕ್ಕಾಗಿ ಕೊಳ್ಳಬೇಕು. ಕೇವಲ ಹೆಜ್ಜೆಯೆಣಿಕೆ ಸಾಕೆನ್ನುವವರು ಏನನ್ನೂ ಕೊಳ್ಳಬೇಕಾಗಿಲ್ಲ, ಜೇಬಿನ ಮೊಬೈಲೇ ಅದನ್ನು ಮಾಡುತ್ತದೆ. ಕೊಳ್ಳುವವರು ಮೊದಲು ನೋಡತಕ್ಕದ್ದು ನಾಡಿಬಡಿತದ ನಿಖರತೆಯನ್ನು: ಅಂಗಡಿಯಲ್ಲಿಯೇ ಅದನ್ನು ಕಟ್ಟಿಕೊಂಡು, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ ಬಿಗಿಯಾಗಿ ಕೂರಿಸಿ, ಇನ್ನೊಂದು ಕೈಯ ನಾಡಿಯನ್ನು ಒಂದು ನಿಮಿಷ ಎಣಿಸಿ ಹೋಲಿಸುವುದು ಯಾರಿಗೂ ಸಾಧ್ಯವಾದ ಪರೀಕ್ಷೆ. ವಿಶ್ರಾಂತಿಯ ಕ್ಯಾಲೊರಿಯನ್ನೂ ಶ್ರಮದ ಕ್ಯಾಲೊರಿಯನ್ನೂ ಪ್ರತ್ಯೇಕವಾಗಿ ತೋರಿಸುವಂಥದನ್ನೇ ಆರಿಸಬೇಕು. ಆಷಾಢ–ಶ್ರಾವಣಗಳ ಮಳೆಯಲ್ಲಿ ನೆನೆಯದೆ ಮುಂಬಯಿಯಲ್ಲಿ ಬದುಕಲಾಗದಾದ್ದರಿಂದ ನೀರು ತಡೆಯುವ ಶಕ್ತಿಯೂ, ವರ್ಷದ ಬಹುಭಾಗ ಬೆವರಿನಲ್ಲಿ ತೋಯುವ ಚರ್ಮಕ್ಕೆ ತುರಿಕೆ ತಾರದ, ತೊಳೆಯಲು ಬರುವ ಪಟ್ಟಿಯೂ ಅವಶ್ಯಕ. 2004ರಿಂದ ನಡೆಯುತ್ತಿರುವ ಮುಂಬಯಿ ಮ್ಯಾರಥಾನಿಗಾಗಿ ಶಿಸ್ತಿನಿಂದ ಅಭ್ಯಾಸಮಾಡುವವರು ಎದೆಗೆ ಕಟ್ಟುವ ಪಟ್ಟಿಯನ್ನು ಬಳಸುವುದು ಮೇಲು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವುದರಿಂದ ಕೈಯ ಅಲುಗಾಟಕ್ಕೆ ಮೋಸಹೋಗುವುದಿಲ್ಲ. ಕೊಂಡ ಮೇಲೆಯೂ ಇಂದಿನ ತನ್ನನ್ನು ಕಳೆದ ತಿಂಗಳಿನ ತನ್ನೊಡನೆ ಹೋಲಿಸಿಕೊಳ್ಳಬೇಕೇ ಹೊರತು, ಬೇರೊಂದು ಕಂಪನಿಯ ಗಡಿಯಾರ ಕಟ್ಟಿದ ನೆರೆಯವರೊಡನೆ ಅಲ್ಲ.

ಕ್ಯಾಲೊರಿಯ ಅಂಕೆಯಿಲ್ಲದೆ ಆರೋಗ್ಯವನ್ನು ಅರಿಯಲಾಗದೆಂಬುದು ಕೂಡ ಸತ್ಯವಲ್ಲ. ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿಯು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಿಮೆಯೆಂದು ತೋರಿಸಿಕೊಟ್ಟನು. ಆ ಕಂಡಕ್ಟರುಗಳ ಕೈಯಲ್ಲಿ ಟಿಕೆಟಿನ ಕಟ್ಟು ಮಾತ್ರ ಇದ್ದಿತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ್ದು ಕೂಡ ನಿಮಿಷಗಳ ಲೆಕ್ಕದಲ್ಲಿಯೇ. ನಿಮಿಷವನ್ನಾದರೋ ಗಡಿಯಾರವು ಇಂದಿಗೂ ತಪ್ಪದೆ ಅಳೆಯುತ್ತದೆ.

ಕೊಳ್ಳುವವನ ವಿವೇಕವೊಂದರ ಮೇಲೆಯೇ ಎಲ್ಲ ಭಾರವನ್ನೂ ಹೊರಿಸುವುದು ಸರಿಯಲ್ಲ. ದಾದರಿನ ಮಾರುಕಟ್ಟೆಯಲ್ಲಿ ಟೊಮೇಟೊ ಮಾರುವ ವ್ಯಾಪಾರಿಯ ತಕ್ಕಡಿಗೂ ತೂಕದ ಬಟ್ಟುಗಳಿಗೂ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ಪೊಟ್ಟಣದ ಬಿಸ್ಕತ್ತಿನಲ್ಲಿ ಎಷ್ಟು ಕ್ಯಾಲೊರಿಯಿದೆಯೆಂದು ಅಚ್ಚುಹಾಕುವುದು ಕಡ್ಡಾಯ; ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳುಳ್ಳ ಹೋಟೆಲುಗಳು ತಿಂಡಿಯ ಪಟ್ಟಿಯಲ್ಲಿ ಅದನ್ನು ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯು ವಿಧಿಸಿದೆ. ಹೊಟ್ಟೆಗೆ ಹೋಗುವ ಕ್ಯಾಲೊರಿಗೆ ಇಷ್ಟೊಂದು ಕಾಯಿದೆಯಿರುವಾಗ, ದೇಹದಿಂದ ಕರಗಿತೆಂದು ಹೇಳುವ ಕ್ಯಾಲೊರಿಗೆ ಮಾತ್ರ ಯಾವ ಹೊಣೆಗಾರಿಕೆಯೂ ಇಲ್ಲದೆ, ‘ಇದು ವೈದ್ಯಕೀಯ ಸಾಧನವಲ್ಲ’ ಎಂಬ ಸೂಕ್ಷ್ಮಾಕ್ಷರಗಳ ಮರೆಯಲ್ಲಿ ಕೋಟಿಗಟ್ಟಲೆಯ ವ್ಯಾಪಾರವು ನಡೆಯುವುದು ಅಸಂಗತ. ತಮ್ಮ ಯಂತ್ರವನ್ನು ಎಂಥ ಜನರ ಮೇಲೆ, ಎಷ್ಟು ಮಂದಿಯ ಮೇಲೆ ಪರೀಕ್ಷಿಸಲಾಗಿದೆ, ಅವರಲ್ಲಿ ಭಾರತೀಯರೆಷ್ಟು, ಕ್ಯಾಲೊರಿಯ ಅಂದಾಜಿನಲ್ಲಿ ಕಂಡುಬಂದ ಸರಾಸರಿ ದೋಷವೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಪೆಟ್ಟಿಗೆಯ ಮೇಲೆ, ಬೆಲೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವಾಲಯವು ಆಜ್ಞೆ ಮಾಡಬೇಕು. ಭಾರತೀಯ ದೇಹಗಳ ಮೇಲೆ ಪರೀಕ್ಷೆ ನಡೆಸಬಲ್ಲ ಪ್ರಯೋಗಶಾಲೆಗಳೂ ವಿದ್ವಾಂಸರೂ ಬೆಂಗಳೂರು, ಹೈದರಾಬಾದುಗಳಲ್ಲಿ ಇರುವಾಗ ಇದು ಅಶಕ್ಯವೇನೂ ಅಲ್ಲ. ಅಲ್ಲಿಯವರೆಗೆ ಅಂಗಡಿಗೆ ಹೋಗುವ ಪ್ರತಿಯೊಬ್ಬರೂ ಈ ನಾಲ್ಕು ಪ್ರಶ್ನೆಗಳನ್ನು ಮಾರುವವರಿಗೆ ಕೇಳಲಿ. ಉತ್ತರ ದೊರೆಯದಿದ್ದರೆ, ನಾಡಿಗೂ ನಿಮಿಷಕ್ಕೂ ಸಲ್ಲುವಷ್ಟು ಬೆಲೆಯನ್ನು ಮಾತ್ರ ಕೊಟ್ಟು, ಕ್ಯಾಲೊರಿಯ ಹೆಸರಿನಲ್ಲಿ ಕೇಳುವ ಹೆಚ್ಚಿನ ಹಣವನ್ನು ಕೊಡದೆ ಬರಲಿ.