ಕೇಳುವ ಕಿವಿಯೇ ಮಾತಿನ ಒರೆಗಲ್ಲು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಆದರೆ ಮಾತು ಬಲ್ಲವನೆಂದರೆ ಯಾರು? ತಡವರಿಸದೆ ಮಾತನಾಡುವವನೆ? ಎದುರಿನವರ ಬಾಯಿ ಮುಚ್ಚಿಸುವವನೆ? ಲೋಕವು ಸಾಮಾನ್ಯವಾಗಿ ಹಾಗೆಯೇ ತಿಳಿದಿದೆ. ಶರಣರ ದೃಷ್ಟಿ ಬೇರೆಯಾಗಿತ್ತು.

ನುಡಿ ಹೇಗಿರಬೇಕೆಂದು ತಿಳಿಸುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಅರಿಯದ ಭಕ್ತರಿಲ್ಲ. ಮುತ್ತು, ಮಾಣಿಕ್ಯ, ಸ್ಫಟಿಕಗಳ ಉಪಮೆಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಅವುಗಳ ಅನಂತರ ಬರುವ ಭಾವದ ಕಡೆಗೆ ಗಮನ ಹರಿಯುವುದು ಕಡಿಮೆ. ಅಲ್ಲಿ ಲಿಂಗವು ಆ ನುಡಿಯನ್ನು ಕೇಳುತ್ತದೆ, ಮೆಚ್ಚಿ ಒಪ್ಪುತ್ತದೆ. ಅಂದರೆ ಮಾತಿನ ಬೆಲೆ ನಿರ್ಣಯವಾಗುವುದು ಆಡುವವನ ನಾಲಗೆಯಲ್ಲಲ್ಲ, ಕೇಳುವವರ ಅಂತರಂಗದಲ್ಲಿ. ಎದುರಿನ ಮನುಷ್ಯನಲ್ಲಿಯೂ ಶಿವನಿದ್ದಾನೆಂದು ನಂಬಿದವರಿಗೆ ನೆರೆಮನೆಯವರೊಡನೆ ಆಡುವ ಮಾತೂ ಲಿಂಗದ ಮುಂದೆ ಆಡುವ ಮಾತೇ ಆಗಿದೆ.

ಕೊಳ್ಳೇಗಾಲದ ಸೀಮೆಗೆ ಈ ಅರಿವು ಹೊಸದೇನಲ್ಲ. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರು ಹಾಡುವಾಗ ಮುಂದಾಳು ಒಬ್ಬನೇ ಹಾಡಿ ಮುಗಿಸುವುದಿಲ್ಲ. ಅವನ ಸೊಲ್ಲನ್ನು ಮೇಳದವರು ಎತ್ತಿಕೊಂಡಾಗಲೇ ಕಥೆ ಮುಂದೆ ಸಾಗುತ್ತದೆ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗಲೂ ಮಕ್ಕಳು ಹೂಂಗುಟ್ಟಬೇಕು. ಅದು ನಿಂತರೆ ಕಥೆಯೂ ನಿಲ್ಲುತ್ತದೆ.

ಈ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಗಡಿನಾಡಾದ ಇಲ್ಲಿ ಕನ್ನಡದೊಡನೆ ತಮಿಳೂ ಕಿವಿಗೆ ಬೀಳುತ್ತದೆ. ಅರೆಬರೆ ತಿಳಿದ ಭಾಷೆಯಲ್ಲಿ ವ್ಯವಹರಿಸುವವನು ಎದುರಿನವರ ಮುಖ ನೋಡುತ್ತಾನೆ, ನಿಧಾನಿಸುತ್ತಾನೆ, ‘ನೀವು ಹೇಳಿದ್ದು ಹೀಗೆ ತಾನೆ?’ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಾನೆ. ಒಂದೇ ಭಾಷೆಯನ್ನಾಡುವ ಮನೆಯೊಳಗೆ ಈ ಎಚ್ಚರ ತಪ್ಪುತ್ತದೆ. ಮಡದಿ ಮಾತು ಮುಗಿಸುವ ಮೊದಲೇ ಗಂಡನ ಉತ್ತರ ಸಿದ್ಧವಾಗಿರುತ್ತದೆ. ತಂದೆ ಬಾಯಿ ತೆರೆದರೆ ಮಗನ ಕಣ್ಣು ಮೊಬೈಲಿನ ಮೇಲಿರುತ್ತದೆ. ಪರರ ಮಾತಿಗೆ ಕೊಡುವ ಕಿವಿಯನ್ನು ತನ್ನವರಿಗೆ ಕೊಡದಿರುವುದು ಎಂತಹ ವಿಪರ್ಯಾಸ!

12ನೆಯ ಶತಮಾನದ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದು ಆಸೆಯ ಫಲವೆಂದು ನೇರವಾಗಿ ಹೇಳಿ, ಹಿಂದಿರುಗಿಸುವಂತೆ ತಿಳಿಸಿದಳು. ಮಾರಯ್ಯ ತಾನು ಗಂಡನೆಂಬ ಬಿಂಕದಿಂದ ಅವಳ ಮಾತನ್ನು ತಳ್ಳಿಹಾಕಲಿಲ್ಲ. ಅಕ್ಕಿಯನ್ನು ತಂದಲ್ಲಿಗೇ ಮರಳಿ ಒಯ್ದನು. ಆಕೆಯ ನುಡಿಗೆ ಆತನ ನಡೆಯೇ ಉತ್ತರವಾಯಿತು.

ಕೇಳುವುದೆಂದರೆ ಎಲ್ಲಕ್ಕೂ ತಲೆದೂಗುವುದಲ್ಲ ಎಂಬುದನ್ನೂ ಇದು ತೋರಿಸುತ್ತದೆ. ಲಕ್ಕಮ್ಮನ ಮಾತು ಕಟುವಾಗಿಯೇ ಇತ್ತು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಗೆ ಹಾಕಿದ ಪ್ರಶ್ನೆಗಳೂ ಮೃದುವಾಗಿರಲಿಲ್ಲ. ಆದರೆ ಪ್ರಶ್ನಿಸಿದವರು ಉತ್ತರಕ್ಕಾಗಿ ಕಾದರು, ಕೇಳಿದ ಮೇಲೆ ಆಕೆಯ ಹಿರಿಮೆಯನ್ನು ಮನಸಾರೆ ಒಪ್ಪಿದರು. ಶೂನ್ಯಸಂಪಾದನೆಯು ಸಂವಾದ ರೂಪದಲ್ಲಿಯೇ ಬೆಳೆದುದು ಆಕಸ್ಮಿಕವಲ್ಲ.

ಸಂಭಾಷಣೆ ಹುಟ್ಟಿನಿಂದ ಬರುವ ವರವಲ್ಲ. ಸಂಕೋಚದ ಸ್ವಭಾವದವರೂ ಅದನ್ನು ಅಭ್ಯಾಸದಿಂದ ಸಾಧಿಸಬಹುದು. ಎದುರಿನವರು ಮುಗಿಸುವವರೆಗೆ ಕಾಯುವುದು, ಅವರು ತಮ್ಮ ಕಷ್ಟ ಹೇಳುವಾಗ ನಡುವೆ ತನ್ನ ಕಥೆಯನ್ನು ತರದಿರುವುದು, ನಿಜವಾಗಿ ತಿಳಿಯಬೇಕೆಂಬ ಆಸೆಯಿಂದ ಒಂದು ಪ್ರಶ್ನೆ ಕೇಳುವುದು, ಹಿರಿಯರನ್ನೂ ಕಿರಿಯರನ್ನೂ ಗೌರವದಿಂದ ಕರೆಯುವುದು: ಇಷ್ಟೇ ಆರಂಭಕ್ಕೆ ಸಾಕು.

ಬಸವಣ್ಣನವರ ಆ ವಚನ ನುಡಿಯ ಸೊಗಸಿನಿಂದ ತೊಡಗಿ ನಡೆಯ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಇಂದು ಸಂಜೆ ಮನೆಯವರು ಹೇಳಿದ ಮಾತು ನಾಳೆ ಬೆಳಗಿನ ನಡೆಯಲ್ಲಿ ಕಾಣಿಸಿಕೊಂಡರೆ, ಅದನ್ನು ನಿಜವಾಗಿ ಕೇಳಿದಂತಾಯಿತು.