ಸ್ಕ್ರೂ ತಿರುವಿದ್ರೆ ರಿಪೇರಿ ಆಗಲ್ಲ

ಇವತ್ತು ಬೆಳೆ ಬಗ್ಗೆ ಅಲ್ಲ, ಗಾಡಿ ಬಗ್ಗೆ. ಸ್ವಲ್ಪ ಖಾರವಾಗಿಯೇ ಬರೀತೀನಿ, ಬೇಜಾರಾಗಬೇಡ್ರಿ.

ನಮ್ಮ ಕಡೆ ಇನ್ನೂ ಕೆಲವರ ಮನೇಲಿ ಕಾರ್ಬುರೇಟರ್ ಇರೋ ಹಳೇ ಮಾರುತಿ 800, ಓಮ್ನಿ ಅದಾವೆ. ನನ್ನದೂ ಒಂದು ಓಮ್ನಿ. ಪಾರ್ವತಿನಗರದ ಮನೆಯಿಂದ ಕುರುಗೋಡು ಕಡೆ ಹೊಲಕ್ಕೆ ಅದೇ ಗತಿ. ಗೊಬ್ಬರದ ಚೀಲ, ಔಷಧಿ ಡಬ್ಬಿ, ಬುತ್ತಿ ಎಲ್ಲ ಅದರಲ್ಲೇ.

ಹೋದ ವರ್ಷ ಅದು ನಿಂತಲ್ಲೇ ಬಂದ್ ಬೀಳೋಕೆ ಶುರು ಆಯ್ತು. ಮೆಕ್ಯಾನಿಕ್ ಸೀಟು ಎತ್ತಿದ, ಸ್ಕ್ರೂಡ್ರೈವರ್ ಹಾಕಿ ಐಡ್ಲಿಂಗ್ ಏರಿಸಿದ. "ಒಂದಿಷ್ಟು ಚೋಕ್ ಎಳ್ಕೊಂಡೇ ಓಡ್ಸಣ್ಣ, ನಡೀತೈತೆ" ಅಂದ. ನಾನೂ ತಲೆ ಆಡಿಸಿ ಆರು ತಿಂಗಳು ಹಂಗೇ ಓಡಿಸಿದೆ. ಕೊನೆಗೆ ಆಯಿಲ್ ಕಡ್ಡಿ ಮೂಸಿದ್ರೆ ಪೆಟ್ರೋಲ್ ವಾಸನೆ. ಪಿಸ್ಟನ್ ರಿಂಗ್ ಸವೆದಿದ್ವು. ಮೂಲ ರೋಗ ಏನು ಗೊತ್ತೇ? ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಹರಿದು ಗಾಳಿ ಎಳೀತಿತ್ತು. ಚಿಲ್ಲರೆ ಸಾಮಾನು! ಅದಕ್ಕೆ ಹೋದದ್ದು ಒಂದು ಎಕರೆ ಮೆಣಸಿನಕಾಯಿ ಗೊಬ್ಬರದ ದುಡ್ಡು.

ಚೋಕ್ ಅಂದ್ರೆ ಗಾಳಿ ಬಾಯಿ ಮುಚ್ಚೋ ತಗಡು. ತಣ್ಣಗಿರೋ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಅದಕ್ಕೆ ಸ್ವಲ್ಪ ಹೊತ್ತು ಹೆಚ್ಚು ಪೆಟ್ರೋಲ್ ಕೊಡಬೇಕು, ಅಷ್ಟೇ. ಬಿಸಿ ಆದ ಮೇಲೂ ಎಳೆದಿಟ್ರೆ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗೆ ಇಳೀತೈತೆ. ಬಳ್ಳಾರಿ ಬೇಸಿಗೇಲಿ ಚೋಕ್ ಯಾಕೆ ಬೇಕ್ರಿ? ಡಿಸೆಂಬರ್ ಜನವರಿ ಬೆಳಗಿನ ಜಾವ ಒಂದೆರಡು ನಿಮಿಷ ಸಾಕು. ಬಾಗಿಲು ಹಾಕಿದ ಶೆಡ್ಡಿನಲ್ಲಂತೂ ಸ್ಟಾರ್ಟ್ ಮಾಡಿ ಬಿಡಲೇಬೇಡಿ. ಅದರ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೀತೈತೆ.

ಭತ್ತ ಹಳದಿ ಆದ್ರೆ ಬೇರು ನೋಡದೆ ಯೂರಿಯಾ ಚೆಲ್ಲೋರನ್ನ ನಾವೇ ಬೈತೀವಿ. ಐಡ್ಲಿಂಗ್ ಏರಿಸೋದು ಅದೇ ಕೆಲಸ ಅಲ್ಲವೇನ್ರಿ?

ಕ್ರಮ ಹಿಂಗೈತೆ. ಮೊದಲು ಏರ್ ಫಿಲ್ಟರ್ ನೋಡ್ರಿ, ನಮ್ಮ ಧೂಳಿಗೆ ಬೇಗ ಕಟ್ತೈತೆ. ಆಮೇಲೆ ಪ್ಲಗ್, ಪಾಯಿಂಟ್, ವ್ಯಾಕ್ಯೂಮ್ ಪೈಪು, ಗ್ಯಾಸ್ಕೆಟ್. ಇವೆಲ್ಲ ಸರಿ ಇದ್ರೆ ಮಾತ್ರ ಸ್ಕ್ರೂ. ಎಂಜಿನ್ ಪೂರ್ತಿ ಬಿಸಿ ಆಗಿರಬೇಕು, ಚೋಕ್ ಪೂರ್ತಿ ಒಳಗಿರಬೇಕು. ಮಿಕ್ಸ್ಚರ್ ಸ್ಕ್ರೂ ನಿಧಾನ ತಿರುವಿ, ಎಂಜಿನ್ ಎಲ್ಲಿ ಜೋರಾಗಿ, ನುಣ್ಣಗೆ ಓಡ್ತೈತೋ ಅಲ್ಲಿ ಬಿಡ್ರಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಸ್ಪೀಡ್ ಇಳಿಸಿ. ಎರಡೂ ಬೇರೆ ಬೇರೆ ಸ್ಕ್ರೂ. ಮಿಕ್ಸ್ಚರ್ ಸ್ಕ್ರೂ ಬಿಗಿಯಾಗಿ ತಿರುಚಬೇಡಿ, ಮೊನೆ ಕೆಡ್ತೈತೆ.

ಇನ್ನೊಂದು ಮಾತು. 2023ರಿಂದ ಬಂಕಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬರೋಕೆ ಶುರು ಆಗೈತೆ. ಎಥನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಹಳೇ ಸೆಟ್ಟಿಂಗ್‌ನಲ್ಲಿ ಪೆಟ್ರೋಲ್ ಕಮ್ಮಿ ಬಿದ್ದಂಗಾಗ್ತೈತೆ, ಹಳೇ ರಬ್ಬರ್ ಪೈಪುಗಳೂ ಬೇಗ ಕೆಡಬಹುದು. ಹಂಗಂತ ಚೋಕ್ ಎಳೀಬೇಡಿ. ಪೈಪು ಬದಲಿಸಿ, ಮಿಕ್ಸ್ಚರ್ ಹೊಸದಾಗಿ ಹೊಂದಿಸಿ.

"ಹಳೇ ಗಾಡಿ, ಎಷ್ಟು ದಿನ ಓಡೀತು ಬಿಡು" ಅನ್ನೋರಿಗೆ ಒಂದೇ ಕೇಳ್ತೀನಿ: ಹೊಸದಕ್ಕೆ ದುಡ್ಡು ಐತೇನ್ರಿ? ಇಲ್ಲ ಅಂದ್ರೆ ಇರೋದನ್ನ ಉಳಿಸ್ಕೊಳ್ಳೋದು ಬುದ್ಧಿವಂತಿಕೆ. ಮೆಕ್ಯಾನಿಕ್‌ನ ಮೇಲೆ ಪೂರ್ತಿ ತಪ್ಪು ಹೊರಿಸಲ್ಲ. ಐದು ನಿಮಿಷದಾಗ ಮುಗಿಸು ಅಂತ ಅವಸರ ಮಾಡೋರು ನಾವೇ. ಮುಂದಿನ ಸಲ ಅವನು ಸ್ಕ್ರೂಡ್ರೈವರ್ ಎತ್ತಿದಾಗ ಕೈ ಹಿಡಿದು ಕೇಳ್ರಿ: "ಫಿಲ್ಟರ್ ನೋಡಿದ್ಯೇನಪ್ಪಾ? ಗ್ಯಾಸ್ಕೆಟ್ ನೋಡಿದ್ಯೇನು?" ನಾನು ಅವತ್ತು ಕೇಳಲಿಲ್ಲ.