ಕಿರುಮಾದರಿಯ ನಗರ, ಶಾಸನದ ನಗರ

ಹಂಪಿಯ ಪಕ್ಕದ ಕಮಲಾಪುರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಮೊದಲು ಗಜಶಾಲೆಯಲ್ಲಿ ಸಂಗ್ರಹಿಸಿಟ್ಟಿದ್ದ ಶಿಲ್ಪಗಳು 1972ರಲ್ಲಿ ಈ ಕಟ್ಟಡಕ್ಕೆ ಬಂದವು. ಇದರ ಅಂಗಳದಲ್ಲಿರುವ ವಿಜಯನಗರದ ಕಿರುಮಾದರಿಯು ನೋಡುಗರನ್ನು ಬಹುಕಾಲ ತಡೆದು ನಿಲ್ಲಿಸುತ್ತದೆ. ಬಂಡೆಗುಡ್ಡಗಳು, ತುಂಗಭದ್ರೆಯ ಹರಿವು, ಗುಡಿಗೋಪುರಗಳು ಇಲ್ಲಿ ಒಟ್ಟಿಗೆ ಕಾಣುತ್ತವೆ. ಬಿಸಿಲಿನಲ್ಲಿ ದಿನಗಟ್ಟಲೆ ಅಲೆದರೂ ಹೊಂದಿಸಿಕೊಳ್ಳಲಾಗದ ದಿಕ್ಕುದೆಸೆಗಳು ಕ್ಷಣಮಾತ್ರದಲ್ಲಿ ಮನದಟ್ಟಾಗುತ್ತವೆ. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ಸಮಗ್ರ ನೋಟ ನಗರದಲ್ಲಿ ಬಾಳಿದ ಯಾರಿಗೂ ದಕ್ಕಿದ್ದಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆಟ್ಟವೊಂದನ್ನೇರಿ ನೋಡಿದರೂ ಗುಡ್ಡಸಾಲುಗಳ ಮರೆಯಿಂದಾಗಿ ಊರು ಪೂರ್ತಿ ಕಾಣಲಿಲ್ಲವೆಂದು ಬರೆದಿದ್ದಾನೆ. ಕಂಡಷ್ಟೇ ಭಾಗವು ಅವನಿಗೆ ರೋಮ್ ನಗರದಷ್ಟು ದೊಡ್ಡದೆನಿಸಿತು.

ಅವನು ಹೋಲಿಸಿದ ರೋಮ್‌ಗೂ ಒಂದು ಪ್ರಸಿದ್ಧ ಕಿರುಮಾದರಿಯಿದೆ. ಇಟಾಲೊ ಗಿಸ್ಮೊಂಡಿ 1:250ರ ಪ್ರಮಾಣದಲ್ಲಿ ರೂಪಿಸಿದ ಅದು ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದ ನಗರವನ್ನು ತೋರಿಸುತ್ತದೆ. ಮುಸೊಲಿನಿಯ ಆಳ್ವಿಕೆಯಲ್ಲಿ, 1937ರಲ್ಲಿ ಆಗಸ್ಟಸನ ಸ್ಮರಣೆಗಾಗಿ ಏರ್ಪಟ್ಟ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂದಿತು. ರೊಡೊಲ್ಫೊ ಲಾಂಚಾನಿಯ ನಕ್ಷೆಯಂಥ ಗಟ್ಟಿ ಆಧಾರಗಳು ಅದಕ್ಕಿವೆ. ಆದರೂ ಸಾಮಾನ್ಯರ ಮನೆಗಳ ಬಹುಭಾಗ ಊಹೆಯಿಂದಲೇ ತುಂಬಿದ್ದು. ಗಾರೆಯಲ್ಲಿ ಎರಕಗೊಂಡ ಮೇಲೆ ಊಹೆಗೂ ಪ್ರಮಾಣಕ್ಕೂ ಒಂದೇ ಬಣ್ಣ. ಸಂಶೋಧಕರು ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ವಿಜಯನಗರದ ವಿಷಯದಲ್ಲಿ ಇನ್ನೊಂದು ತೊಡಕಿದೆ: ಕಾಲದ್ದು. ಇಂದು ಉಳಿದಿರುವ ಕಟ್ಟಡಗಳನ್ನೆಲ್ಲ ಒಂದೇ ಹಾಸಿನ ಮೇಲೆ ನಿಲ್ಲಿಸಿದಾಗ ಎರಡು ಶತಮಾನಗಳು ಒಂದೇ ದಿನವಾಗಿ ತೋರುತ್ತವೆ. ಗಾಣಗಿತ್ತಿ ಬಸದಿ 1385ರದು. ಅಚ್ಯುತರಾಯನ ಕಾಲದ ತಿರುವೆಂಗಳನಾಥ ದೇವಾಲಯ 1534ರದು. ಕಿರುಮಾದರಿಯನ್ನು ಮುಂದಿಟ್ಟುಕೊಂಡು ಪಾಯೆಸನ ಬರಹವನ್ನು ಓದುವ ವಿದ್ಯಾರ್ಥಿ, ಅವನು ನೋಡಿರಲಾರದ ಗುಡಿಯನ್ನೂ ಅವನ ನಗರದೊಳಗೆ ಸೇರಿಸಿಬಿಡುವ ಅಪಾಯವಿದೆ.

ಈ ಕೊರತೆಯನ್ನು ತುಂಬಬಲ್ಲವು ಶಾಸನಗಳು. ಗಾಣಗಿತ್ತಿ ಬಸದಿಯ ಮುಂದಿನ ಕಂಬದ ಸಂಸ್ಕೃತ ಶಾಸನವು, ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥು ಜಿನನಾಥನಿಗೆ ಆ ಚೈತ್ಯಾಲಯವನ್ನು ಕಟ್ಟಿಸಿದನೆಂದು ತಿಳಿಸುತ್ತದೆ. 'ನಾನಾರ್ಥರತ್ನಮಾಲೆ' ಎಂಬ ನಿಘಂಟಿನ ಕರ್ತೃವೂ ಇರುಗಪ್ಪನೆಂದೇ ಪ್ರಸಿದ್ಧಿ. ಗಾಣಗಿತ್ತಿ ಎಂಬ ಹೆಸರು ಶಾಸನದಲ್ಲಿಲ್ಲ. ಅದು ಜನರ ಬಾಯಲ್ಲಿ ಉಳಿದು ಬಂದದ್ದು. ಎರಡನೆಯ ದೇವರಾಯನು 1426ರಲ್ಲಿ ಪಾರ್ಶ್ವನಾಥನಿಗೆ ಕಟ್ಟಿಸಿದ ಚೈತ್ಯಾಲಯದ ಶಾಸನವಂತೂ ಅದು ಅಡಕೆ, ವೀಳ್ಯದೆಲೆಗಳ ಅಂಗಡಿಬೀದಿಯಲ್ಲಿತ್ತೆಂಬ ವಿವರವನ್ನೇ ಕೊಡುತ್ತದೆ. ಆ ಒಂದು ಮಾತಿನಿಂದ ಬೀದಿಗೆ ಜನ ಬರುತ್ತಾರೆ, ವ್ಯಾಪಾರ ಬರುತ್ತದೆ. ಅರಸನ ಬಸದಿಯೊಂದು ಎಲೆ ಅಡಕೆ ಮಾರುವವರ ನಡುವೆ ನಿಂತಿತ್ತೆಂಬುದು ಆ ರಾಜಧಾನಿಯ ಧರ್ಮಜೀವನದ ಬಗ್ಗೆ ಹೇಳುವಷ್ಟನ್ನು ಯಾವ ಅಳತೆಯ ಮಾದರಿಯೂ ಹೇಳಲಾರದು.

ಹಾಗೆಂದು ಕಿರುಮಾದರಿಗಳು ಬೇಡವೆನ್ನುವುದು ತಪ್ಪಾದೀತು. ಅವು ತಮ್ಮ ಮಿತಿಯನ್ನು ತಾವೇ ಹೇಳುವಂತಿರಬೇಕು. ಉಳಿದಿರುವುದಕ್ಕೆ ಒಂದು ಬಣ್ಣ, ಊಹಿಸಿದ್ದಕ್ಕೆ ಇನ್ನೊಂದು ಬಣ್ಣ ಇರಲಿ. ಪ್ರತಿ ಕಟ್ಟಡದ ಬಳಿ ಅದರ ಕಾಲ ನಮೂದಾಗಲಿ. ಶಾಸನಗಳು ಹೆಸರಿಸುವ ಬೀದಿಗಳಲ್ಲಿ ನೆಲೆ ಗುರುತಿಸಬಲ್ಲವುಗಳಿಗೆ ಆ ಹೆಸರುಗಳೇ ಮರಳಿ ಬರಲಿ. ಮಣ್ಣು, ಮರ, ಹುಲ್ಲುಗಳ ಮನೆಗಳು ಅಳಿದುಹೋದ ಬಯಲನ್ನು ಬರಿದಾಗಿಯೇ ಬಿಟ್ಟು, ಇಲ್ಲಿ ಜನವಸತಿ ಇತ್ತೆಂದು ಒಂದು ಫಲಕ ಹಾಕಿದರೂ ಸಾಕು. ಹಾಗಿಲ್ಲದಿದ್ದರೆ ಕಲ್ಲಿನಲ್ಲಿ ಕಟ್ಟಿಸಬಲ್ಲವರದಷ್ಟೇ ನಗರವೆಂಬ ಭ್ರಮೆ ಬೆಳೆಯುತ್ತದೆ.

ಕಮಲಾಪುರದ ಅಂಗಳದಿಂದ ಹೊರಟವರು ಕಂಪ್ಲಿಯ ದಾರಿ ಹಿಡಿದರೆ ಗಾಣಗಿತ್ತಿ ಬಸದಿ ದೂರವೇನಿಲ್ಲ. ಅದರ ಕಂಬದ ಮುಂದೆ ನಿಂತು ಅಕ್ಷರಗಳನ್ನು ನೋಡಿ ಬಂದ ವಿದ್ಯಾರ್ಥಿಗೆ ಕಿರುಮಾದರಿಯೂ ಹೆಚ್ಚು ಅರ್ಥವಾದೀತು.